ಗ್ರಹಗತಿ: ಸೂರ್ಯನ ಸುತ್ತಲ ಹಾದಿ, ಅದರ ಉದ್ದ

ಸೂರ್ಯನ ಸೆಳೆತಕ್ಕೆ ಒಳಗಾಗಿ ಎಂಟು ಗ್ರಹಗಳು ಅವನ ಸುತ್ತ ನಡೆಸುವ ನಿಲ್ಲದ ಓಟಕ್ಕೆ ಪರಿಭ್ರಮಣ ಎಂದು ಹೆಸರು. ಓಡುವ ಹಾದಿ ಕಕ್ಷೆ; ಒಂದು ಸುತ್ತಿಗೆ ಹಿಡಿಯುವ ಕಾಲ ಆ ಗ್ರಹದ ವರ್ಷ. ಗ್ರಹ ತನ್ನ ಅಕ್ಷದ ಮೇಲೆ ಬುಗುರಿಯಂತೆ ತಿರುಗುವುದು ಬೇರೆ, ಅದು ಹಗಲು ರಾತ್ರಿಗಳನ್ನು ತರುವ ಆವರ್ತನೆ. ಎಂಟೂ ಗ್ರಹಗಳು ಸೂರ್ಯನನ್ನು ಒಂದೇ ದಿಕ್ಕಿನಲ್ಲಿ ಸುತ್ತುತ್ತವೆ. ಅವುಗಳ ಕಕ್ಷೆಗಳು ಬಹುಮಟ್ಟಿಗೆ ಒಂದೇ ಸಮತಲದಲ್ಲಿವೆ. ಬುಧನದು ಮಾತ್ರ 7 ಡಿಗ್ರಿಯಷ್ಟು ವಾರೆ. ಭೂಮಿ ಸೂರ್ಯನಿಂದ ಸರಾಸರಿ 14.96 ಕೋಟಿ ಕಿ.ಮೀ. ದೂರದಲ್ಲಿದ್ದು, ಸುಮಾರು 94 ಕೋಟಿ ಕಿ.ಮೀ. ಉದ್ದದ ಹಾದಿಯನ್ನು 365 ದಿನ 6 ಗಂಟೆ 9 ನಿಮಿಷಗಳಲ್ಲಿ ಮುಗಿಸುತ್ತದೆ. ಅಂದರೆ ಸೆಕೆಂಡಿಗೆ 29.78 ಕಿ.ಮೀ., ಗಂಟೆಗೆ ಸುಮಾರು 1,07,200 ಕಿ.ಮೀ., ದಿನಕ್ಕೆ 25.7 ಲಕ್ಷ ಕಿ.ಮೀ.

ಅಂಕಿಗಳು ದೊಡ್ಡವಾದಷ್ಟೂ ಮನಸ್ಸಿಗೆ ಅಂಟುವುದಿಲ್ಲ. ಚಿತ್ರದುರ್ಗದ ಪಕ್ಕದ ಮದಕರಿಪುರದಲ್ಲಿ ರಾತ್ರಿ ಹತ್ತಕ್ಕೆ ಮಲಗಿ ಬೆಳಿಗ್ಗೆ ಆರಕ್ಕೆ ಎದ್ದವರು ಆ 8 ಗಂಟೆಗಳಲ್ಲಿ ಭೂಮಿಯ ಜೊತೆ 8.5 ಲಕ್ಷ ಕಿ.ಮೀ. ದಾಟಿರುತ್ತಾರೆ, ಚಂದ್ರನಲ್ಲಿಗೆ ಹೋಗಿ ಬಂದರೂ ಇಷ್ಟು ದೂರವಾಗದು. ಅದೇ ಊರು ಭೂಮಿಯ ಆವರ್ತನೆಯಿಂದ ಸಾಗುವುದು ಗಂಟೆಗೆ 1,620 ಕಿ.ಮೀ. ಮಾತ್ರ. ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಚಳ್ಳಕೆರೆ ತಾಲ್ಲೂಕಿನ ವೈಮಾನಿಕ ಪರೀಕ್ಷಾ ವಲಯದಲ್ಲಿ, 2024ರ ಜೂನ್ 23ರಂದು ಇಸ್ರೋದ ಮರುಬಳಕೆ ವಾಹನ 'ಪುಷ್ಪಕ್' ಹೆಲಿಕಾಪ್ಟರಿನಿಂದ ಕಳಚಿಕೊಂಡು ತಾನಾಗಿ ಓಡುಹಾದಿಗೆ ಇಳಿಯಿತು. ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 320 ಕಿ.ಮೀ.ಗೂ ಹೆಚ್ಚು. ಕಣ್ಣು ಕೋರೈಸುವ ವೇಗವೇ ಸರಿ. ಆ ಓಡುಹಾದಿ, ಪಕ್ಕದ ಕುರಿಮಂದೆ, ಆಚೆಯ ಶೇಂಗಾ ಹೊಲ ಎಲ್ಲವೂ ಅದರ ಮುನ್ನೂರು ಪಟ್ಟಿಗೂ ಮಿಗಿಲಾದ ವೇಗದಲ್ಲಿ ಓಡುತ್ತಿದ್ದವು. ಎಲ್ಲವೂ ಒಟ್ಟಿಗೆ ಓಡುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ, ಅಷ್ಟೆ.

ಹಂತಿಯ ಎತ್ತುಗಳು

ಕಣದಲ್ಲಿ ಹಂತಿ ಹೊಡೆಯುವುದನ್ನು ನೋಡಿದವರಿಗೆ ಗ್ರಹಗಳ ಸುತ್ತಾಟದ ಒಂದು ಚಿತ್ರ ಆಗಲೇ ಸಿದ್ಧವಿದೆ. ನಡುವೆ ಮೇಟಿ. ಅದಕ್ಕೆ ಸಾಲಾಗಿ ಕಟ್ಟಿದ ಎತ್ತುಗಳು ತೆನೆ ತುಳಿಯುತ್ತ ಸುತ್ತುತ್ತವೆ. ಒಳಗಿನ ಎತ್ತು ನಿಂತಲ್ಲೇ ತಿರುಗಿದಂತೆ ಮೆಲ್ಲಗೆ ಹೆಜ್ಜೆ ಹಾಕಿದರೆ ಸಾಕು. ಹೊರತುದಿಯ ಎತ್ತು ದಾಪುಗಾಲು ಹಾಕಬೇಕು. ಅದಕ್ಕೇ ಮುದಿ ಎತ್ತು ಮೇಟಿಯ ಪಕ್ಕಕ್ಕೆ, ಹರೆಯದ್ದು ಹೊರಕ್ಕೆ. ಎಲ್ಲವನ್ನೂ ಒಂದೇ ಹಗ್ಗಕ್ಕೆ ಬಿಗಿದಿರುವುದರಿಂದ ಸುತ್ತು ಒಟ್ಟಿಗೆ ಮುಗಿಯುತ್ತದೆ.

ಗ್ರಹಗಳ ಹಂತಿ ಇದಕ್ಕೆ ಪೂರ್ತಿ ತಿರುಗುಮುರುಗು. ಅಲ್ಲಿ ಹಗ್ಗವಿಲ್ಲ, ಒಬ್ಬರನ್ನೊಬ್ಬರು ಕಾಯುವುದೂ ಇಲ್ಲ. ಮೇಟಿಗೆ ಹತ್ತಿರದ ಬುಧ ಎಲ್ಲರಿಗಿಂತ ಚುರುಕು: ಸೆಕೆಂಡಿಗೆ 47.4 ಕಿ.ಮೀ. ಹೊರತುದಿಯ ನೆಪ್ಚೂನ್ ಎಲ್ಲರಿಗಿಂತ ನಿಧಾನ: 5.4 ಕಿ.ಮೀ. ನಡುವಿನವು ದೂರ ಹೆಚ್ಚಿದಂತೆ ವೇಗ ಕಳೆದುಕೊಳ್ಳುತ್ತ ಹೋಗುತ್ತವೆ. ಶುಕ್ರ 35, ಭೂಮಿ 29.8, ಮಂಗಳ 24.1, ಗುರು 13.1, ಶನಿ 9.7, ಯುರೇನಸ್ 6.8. ಗ್ರಹಗತಿಯ ವಿಷಯದಲ್ಲಿ ಒಂದೇ ಒಂದು ಸಂಗತಿಯನ್ನು ನೆನಪಿಡಬೇಕೆಂದಿದ್ದರೆ ಇದನ್ನು ಇಡಬೇಕು. ದೂರದ ಗ್ರಹದ ವರ್ಷ ದೀರ್ಘವಾಗಲು ಕಾರಣ ಒಂದಲ್ಲ, ಎರಡು. ಹಾದಿಯೂ ಉದ್ದ, ನಡಿಗೆಯೂ ನಿಧಾನ.

ಇದರಿಂದ 'ಯಾರು ಹೆಚ್ಚು ದೂರ ಓಡುತ್ತಾರೆ' ಎಂಬ ಪ್ರಶ್ನೆಗೆ ಎರಡು ಉತ್ತರಗಳು ಹುಟ್ಟುತ್ತವೆ. ಒಂದು ಸುತ್ತಿನ ಲೆಕ್ಕ ಹಿಡಿದರೆ ಬುಧನ ಹಾದಿ 36 ಕೋಟಿ ಕಿ.ಮೀ., ಶುಕ್ರನದು 68 ಕೋಟಿ, ಮಂಗಳನದು 143 ಕೋಟಿ, ಗುರುವಿನದು ಸುಮಾರು 489 ಕೋಟಿ, ಶನಿಯದು 900 ಕೋಟಿ, ಯುರೇನಸ್‌ನದು 1,800 ಕೋಟಿ, ನೆಪ್ಚೂನ್‌ನದು 2,820 ಕೋಟಿ ಕಿ.ಮೀ. ಕಾಲವನ್ನು ಹಿಡಿದರೆ ಸಾಲು ತಲೆಕೆಳಗಾಗುತ್ತದೆ. ನಮ್ಮ ಒಂದು ಯುಗಾದಿಯಿಂದ ಇನ್ನೊಂದು ಯುಗಾದಿಯ ಹೊತ್ತಿಗೆ ಬುಧ ನಾಲ್ಕು ಸುತ್ತು ದಾಟಿ ಸುಮಾರು 150 ಕೋಟಿ ಕಿ.ಮೀ. ಓಡಿರುತ್ತಾನೆ, ಗುರು 41 ಕೋಟಿ, ಶನಿ 30 ಕೋಟಿ, ನೆಪ್ಚೂನ್ ಬರೀ 17 ಕೋಟಿ.

ಸಮಾನ ಯೋಜನದ ಲೆಕ್ಕ

ನಮ್ಮ ಸಿದ್ಧಾಂತಕಾರರು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎತ್ತಿಕೊಂಡಿದ್ದರು. ಅವರ ಉತ್ತರ ತಪ್ಪಾಗಿದ್ದರೂ ಅದರ ಬಗೆ ತಿಳಿಯುವಂಥದು. ಕ್ರಿ.ಶ. 499ರ ಕಾಲಮಾನವನ್ನು ಹೇಳುವ 'ಆರ್ಯಭಟೀಯ'ದಲ್ಲಿ 43,20,000 ವರ್ಷಗಳ ಒಂದು ಯುಗದಲ್ಲಿ ಯಾವ ಗ್ರಹ ಎಷ್ಟು ಸುತ್ತು ಮುಗಿಸುತ್ತದೆಂಬ ಪಟ್ಟಿಯಿದೆ. ಶನಿಗೆ 1,46,564, ಗುರುವಿಗೆ 3,64,224, ಮಂಗಳನಿಗೆ 22,96,824. ಯುಗದ ವರ್ಷಗಳನ್ನು ಇವುಗಳಿಂದ ಭಾಗಿಸಿ ನೋಡಿ: ಶನಿಯ ಸುತ್ತಿಗೆ 29.48 ವರ್ಷ, ಗುರುವಿಗೆ 11.86, ಮಂಗಳನಿಗೆ 1.881. ಇಂದಿನ ಬೆಲೆಗಳು 29.46, 11.86, 1.881. ದೂರದರ್ಶಕವಿಲ್ಲದ ಕಾಲದ ಲೆಕ್ಕವಿದು.

ಕಾಲ ಸಿಕ್ಕಿತು, ದೂರ ಸಿಗಬೇಕಲ್ಲ. ಅದಕ್ಕೆ ಆರ್ಯಭಟ ಒಂದು ಊಹೆ ಮಾಡಿದ: ಎಲ್ಲ ಗ್ರಹಗಳೂ ದಿನಕ್ಕೆ ಸಮಾನ ಯೋಜನಗಳನ್ನು ಕ್ರಮಿಸುತ್ತವೆ; ಚಂದ್ರನ ವೃತ್ತ ಚಿಕ್ಕದಾದ್ದರಿಂದ ಬೇಗ ಮುಗಿಯುತ್ತದೆ, ಶನಿಯದು ದೊಡ್ಡದಾದ್ದರಿಂದ ತಡವಾಗುತ್ತದೆ. ಚಂದ್ರನ ಕಕ್ಷೆ 2,16,000 ಯೋಜನ. ಯುಗದಲ್ಲಿ ಅವನ ಸುತ್ತುಗಳು 5,77,53,336. ಇವೆರಡರ ಗುಣಲಬ್ಧವೇ ಆಕಾಶಕಕ್ಷೆ. ಅದನ್ನು ಯುಗದ ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು 7,906 ಯೋಜನ. ಭೂಮಿಯ ವ್ಯಾಸ 1,050 ಯೋಜನ ಎಂಬ ಅವನದೇ ಅಳತೆಯಿಂದ ಇದನ್ನು ಕಿ.ಮೀ.ಗೆ ತಂದರೆ ದಿನಕ್ಕೆ ಹತ್ತಿರ ಹತ್ತಿರ 96,000 ಕಿ.ಮೀ. ಚಂದ್ರ ನಿಜವಾಗಿ ದಿನಕ್ಕೆ ಕ್ರಮಿಸುವುದು ಸುಮಾರು 88,000 ಕಿ.ಮೀ. ಚಂದ್ರನ ಮಟ್ಟಿಗೆ ಲೆಕ್ಕ ಬಹುಮಟ್ಟಿಗೆ ಸರಿ. ಅದೇ ವೇಗವನ್ನು ಉಳಿದವರಿಗೂ ಹಂಚಿದ್ದರಿಂದ ಎಡವಟ್ಟಾಯಿತು: ಸೂರ್ಯ ತೀರ ಹತ್ತಿರ ಬಂದ, ಶನಿ ಸೂರ್ಯನ ಇಪ್ಪತ್ತೊಂಬತ್ತೂವರೆ ಪಟ್ಟು ದೂರಕ್ಕೆ ಸರಿದ. ನಿಜದಲ್ಲಿ ಶನಿಯ ದೂರ ಒಂಬತ್ತೂವರೆ ಪಟ್ಟು. 1150ರಲ್ಲಿ 'ಸಿದ್ಧಾಂತ ಶಿರೋಮಣಿ' ಬರೆದ ಭಾಸ್ಕರಾಚಾರ್ಯನೂ (ಅವನ ಊರು ನಮ್ಮ ಬಿಜಾಪುರವೇ ಎಂಬ ಜಗ್ಗಾಟ ಇನ್ನೂ ಮುಗಿದಿಲ್ಲ) ಸಮಾನ ಯೋಜನದ ಮಾತನ್ನು ಬಿಡಲಿಲ್ಲ. ಎಲ್ಲರಿಗೂ ಒಂದೇ ನಡಿಗೆ ಎನ್ನುವುದು ಸರಳವಾದ ಊಹೆ. ಗೊತ್ತಿರುವ ಒಂದೇ ಅಳತೆಯಿಂದ ಇಡೀ ಆಕಾಶವನ್ನು ಅಳೆಯಲು ಹೊರಟವನಿಗೆ ಬೇರೆ ಆಸರೆಯೂ ಇರಲಿಲ್ಲ.

ಶನಿಗೆ ಶನೈಶ್ಚರ, ಮಂದ ಎಂಬ ಹೆಸರುಗಳಿವೆ. ಮೆಲ್ಲಗೆ ನಡೆಯುವವನು ಎಂದರ್ಥ. ಸಮಾನ ಯೋಜನದ ಲೆಕ್ಕದಲ್ಲಿ ಅವನು ಮೆಲ್ಲಗೆ ನಡೆಯುವವನಂತೆ ಕಾಣುವವನು ಮಾತ್ರ. ಹೆಸರಿಟ್ಟವರ ಕಣ್ಣೇ ಸಿದ್ಧಾಂತಕ್ಕಿಂತ ನಿಜಕ್ಕೆ ಹತ್ತಿರವಿತ್ತು. ಅವನು ಒಂದು ರಾಶಿಯಲ್ಲಿ ಇರುವುದು ಸುಮಾರು ಎರಡೂವರೆ ವರ್ಷ. ಜನ್ಮರಾಶಿ, ಅದರ ಹಿಂದಿನದು, ಮುಂದಿನದು ಸೇರಿ ಏಳೂವರೆ. ಜನ ಅಂಜುವ ಸಾಡೇಸಾತಿ ಹುಟ್ಟಿದ್ದು ಈ ಭಾಗಾಕಾರದಿಂದ. ಗುರು ರಾಶಿಗೊಂದು ವರ್ಷದಂತೆ ಸಾಗುವುದರಿಂದ ನದಿಗಳ ಪುಷ್ಕರ ಹನ್ನೆರಡು ವರ್ಷಕ್ಕೊಮ್ಮೆ ಬರುತ್ತದೆ. ಗುರು ಮಕರಕ್ಕೆ ಬಂದ 2020ರ ನವೆಂಬರಿನಲ್ಲಿ ತುಂಗಭದ್ರೆಗೆ ಪುಷ್ಕರ ನಡೆದದ್ದು ಹಲವರ ನೆನಪಿನಲ್ಲಿರಬಹುದು. ಫಲಜ್ಯೋತಿಷವನ್ನು ನಂಬಬೇಕಾಗಿಲ್ಲ, ಅದರ ಕೆಳಗಿರುವ ಗಣಿತ ಮಾತ್ರ ನೋಡಿ ಅಳೆದು ಕಟ್ಟಿದ್ದು.

ಕೆಪ್ಲರನ ನಿಯಮ, ಧನುರ್ಮಾಸದ ಸಾಕ್ಷಿ

1543ರಲ್ಲಿ ಕೋಪರ್ನಿಕಸ್ ಸೂರ್ಯನನ್ನು ನಡುವೆ ಕೂರಿಸಿದ. ಅದಕ್ಕೂ ಮೊದಲೇ, 1500ರ ಸುಮಾರಿಗೆ, ಕೇರಳದ ನೀಲಕಂಠ ಸೋಮಯಾಜಿ ಬುಧ ಮತ್ತು ಶುಕ್ರರ ಗಣಿತವನ್ನು ತಿದ್ದಿ, ಗ್ರಹಗಳು ಸೂರ್ಯನನ್ನು ಸುತ್ತುವ, ಸೂರ್ಯ ಭೂಮಿಯನ್ನು ಸುತ್ತುವ ವ್ಯವಸ್ಥೆಯೊಂದಕ್ಕೆ ಬಂದಿದ್ದ. ಕಕ್ಷೆಯ ನಿಜವಾದ ಆಕಾರ ಹಿಡಿದವನು ಜರ್ಮನಿಯ ಯೋಹಾನೆಸ್ ಕೆಪ್ಲರ್. ಟೈಕೊ ಬ್ರಾಹೆ ಬರಿಗಣ್ಣಿನಿಂದ ವರ್ಷಗಟ್ಟಲೆ ಅಳೆದಿಟ್ಟ ಮಂಗಳನ ಸ್ಥಾನಗಳಿಗೆ ವೃತ್ತ ಎಷ್ಟು ಎಳೆದಾಡಿದರೂ ಹೊಂದಲಿಲ್ಲ. 1609ರಲ್ಲಿ ಕೆಪ್ಲರ್ ವೃತ್ತವನ್ನೇ ಕೈಬಿಟ್ಟ. ಕಕ್ಷೆ ಎಂದರೆ ದೀರ್ಘವೃತ್ತ, ಸೂರ್ಯನಿರುವುದು ಅದರ ಒಂದು ನಾಭಿಯಲ್ಲಿ. ಗ್ರಹವನ್ನೂ ಸೂರ್ಯನನ್ನೂ ಜೋಡಿಸುವ ಗೆರೆ ಸಮಾನ ಕಾಲದಲ್ಲಿ ಸಮಾನ ಕ್ಷೇತ್ರವನ್ನು ಗುಡಿಸುತ್ತದೆ. ಎಂದರೆ ಸೂರ್ಯನ ಹತ್ತಿರ ಬಂದಾಗ ಗ್ರಹ ಬಿರುಸು, ದೂರ ಹೋದಾಗ ನಿಧಾನ.

ಶಾಲಾಪುಸ್ತಕಗಳು ದೀರ್ಘವೃತ್ತವನ್ನು ಮೊಟ್ಟೆಯಂತೆ ಬರೆದು ಮಕ್ಕಳ ತಲೆ ಕೆಡಿಸಿವೆ. ಭೂಮಿಯ ಕಕ್ಷೆಯನ್ನು ಸರಿಯಾದ ಪ್ರಮಾಣದಲ್ಲಿ ಕಾಗದದ ಮೇಲೆ ಬರೆದರೆ ಅದು ವೃತ್ತವಲ್ಲವೆಂದು ಕಣ್ಣಿಗೆ ಹೊಳೆಯುವುದೇ ಇಲ್ಲ. ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರ, 14.71 ಕೋಟಿ ಕಿ.ಮೀ.; ಜುಲೈ ಮೊದಲ ವಾರದಲ್ಲಿ ಅತಿ ದೂರ, 15.21 ಕೋಟಿ. ಅಂತರ 50 ಲಕ್ಷ ಕಿ.ಮೀ. ಆದರೂ ಒಟ್ಟು ದೂರದ ನೂರರಲ್ಲಿ ಮೂರು ಪಾಲು. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದಲ್ಲಿ ನಡುಕ ಹುಟ್ಟಿಸುವ ಚಳಿಯ ದಿನಗಳಲ್ಲೇ ನಾವು ಸೂರ್ಯನಿಗೆ ಹೆಚ್ಚು ಹತ್ತಿರವಿರುತ್ತೇವೆ. ಋತುಗಳನ್ನು ತರುವುದು ದೂರವಲ್ಲ, ಭೂಮಿಯ ಅಕ್ಷದ 23.4 ಡಿಗ್ರಿ ಓರೆ. ಆ ಓರೆಯ ದೆಸೆಯಿಂದಲೇ ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ನಡುವಿನಲ್ಲಿ ಇನ್ನೊಮ್ಮೆ ಚಿತ್ರದುರ್ಗದಲ್ಲಿ ನಡುಹಗಲ ಸೂರ್ಯ ಸರಿಯಾಗಿ ನೆತ್ತಿಗೆ ಬಂದು ನೆಟ್ಟ ಕಂಬದ ನೆರಳು ಬುಡದಲ್ಲೇ ಅಡಗುತ್ತದೆ.

ವೇಗದ ಏರಿಳಿತಕ್ಕೆ ಮಾತ್ರ ಮನೆಯ ಪಂಚಾಂಗವೇ ಸಾಕ್ಷಿ. ಸೂರ್ಯ ಒಂದೊಂದು ರಾಶಿ ದಾಟಲು ಹಿಡಿಯುವ ಕಾಲವೇ ಸೌರಮಾಸ. ಡಿಸೆಂಬರ್ ನಡುವಿನಿಂದ ಮಕರ ಸಂಕ್ರಾಂತಿಯವರೆಗಿನ ಧನುರ್ಮಾಸ 29 ದಿನ ಚಿಲ್ಲರೆಗೆ ಮುಗಿದುಹೋಗುತ್ತದೆ. ಜೂನ್-ಜುಲೈಯ ಮಿಥುನಮಾಸ ಮೂವತ್ತೊಂದೂವರೆ ದಿನ ಎಳೆಯುತ್ತದೆ. ಎರಡಕ್ಕೂ ಆಕಾಶದಲ್ಲಿ 30 ಡಿಗ್ರಿಯೇ ಪಾಲು. ಧನುರ್ಮಾಸದಲ್ಲಿ ಭೂಮಿ ಸೆಕೆಂಡಿಗೆ 30.3 ಕಿ.ಮೀ. ಓಡುತ್ತಿರುತ್ತದೆ, ಮಿಥುನದಲ್ಲಿ 29.3. ಕೆಪ್ಲರನ ಎರಡನೆಯ ನಿಯಮ ಓದದೆಯೂ ಅರ್ಚಕರು ಅದನ್ನು ಆಚರಿಸುತ್ತ ಬಂದಿದ್ದಾರೆ! ಭೂಮಿಯದಕ್ಕಿಂತ ಬುಧನ ಕಕ್ಷೆ ಹೆಚ್ಚು ಲಂಬಿಸಿದ್ದು. ಅವನ ದೂರ 4.6 ಕೋಟಿಯಿಂದ 7 ಕೋಟಿ ಕಿ.ಮೀ.ಗೂ, ವೇಗ 59ರಿಂದ 39 ಕಿ.ಮೀ.ಗೂ ತೂಗಾಡುತ್ತದೆ. ಶುಕ್ರನದು ಎಲ್ಲಕ್ಕಿಂತ ದುಂಡಗಿನದು.

ಮೂರನೆಯ ನಿಯಮ 1619ರಲ್ಲಿ ಬಂತು. ಭೂಮಿ-ಸೂರ್ಯರ ಸರಾಸರಿ ದೂರವನ್ನು ಒಂದು ಖಗೋಳಮಾನ ಎಂದಿಟ್ಟುಕೊಂಡರೆ, ಯಾವ ಗ್ರಹದ ದೂರದ ಘನವೂ ಅದರ ವರ್ಷದ ವರ್ಗಕ್ಕೆ ಸಮ. ಗುರುವಿನ ದೂರ 5.2; ಅದರ ಘನ 140.6. ಗುರುವಿನ ವರ್ಷ 11.86, ಅದರ ವರ್ಗ 140.7. ಸಮಾನ ಯೋಜನದ ಲೆಕ್ಕದಲ್ಲಿ ದೂರವೂ ಕಾಲವೂ ನೇರ ಅನುಪಾತದಲ್ಲಿದ್ದವು. ಇಲ್ಲಿ ಕಾಲ ದೂರವನ್ನು ಮೀರಿ ಬೆಳೆಯುತ್ತದೆ. ದೂರ ನಾಲ್ಕು ಪಟ್ಟಾದರೆ ಹಾದಿ ನಾಲ್ಕು ಪಟ್ಟು, ವೇಗ ಅರ್ಧ, ಹಾಗಾಗಿ ವರ್ಷ ಎಂಟು ಪಟ್ಟು.

ಗ್ರಹಗಳ ವಕ್ರಗತಿಯೂ ಈ ವೇಗವ್ಯತ್ಯಾಸದ ಫಲ. ಹೆದ್ದಾರಿಯಲ್ಲಿ ಹಿರಿಯೂರು ಬಿಟ್ಟು ಚಿತ್ರದುರ್ಗದತ್ತ ಬರುವ ಬಸ್ಸು ಲಾರಿಯೊಂದನ್ನು ಹಿಂದೆ ಹಾಕುವಾಗ, ಕಿಟಕಿಯಿಂದ ನೋಡುವವನಿಗೆ ದೂರದ ಗುಡ್ಡದ ಎದುರು ಲಾರಿ ಹಿಂದಕ್ಕೆ ಸರಿದಂತೆ ಕಾಣುತ್ತದೆ. ಒಳಹಾದಿಯ ಭೂಮಿ ಸುಮಾರು 26 ತಿಂಗಳಿಗೊಮ್ಮೆ ಮಂಗಳನನ್ನು, 13 ತಿಂಗಳಿಗೊಮ್ಮೆ ಗುರುವನ್ನು ಹೀಗೆ ಹಿಂದೆ ಹಾಕುತ್ತದೆ. ಆಗ ಅವರು ನಕ್ಷತ್ರಗಳ ನಡುವೆ ಕೆಲವು ತಿಂಗಳು ಹಿಮ್ಮುಖವಾಗಿ ನಡೆದಂತೆ ತೋರುತ್ತಾರೆ. ಲಾರಿ ಎಲ್ಲೂ ಹಿಂದೆ ಹೋಗಿರುವುದಿಲ್ಲ.

ಬೀಳುತ್ತಲೇ ಇರುವುದು

ಸೂರ್ಯ ಇಷ್ಟು ಸೆಳೆಯುತ್ತಿದ್ದರೂ ಗ್ರಹ ಅವನೊಳಗೆ ಬೀಳುವುದಿಲ್ಲವೇಕೆ? ಬೀಳುತ್ತಲೇ ಇದೆ ಎಂಬುದು ನ್ಯೂಟನ್ 1687ರಲ್ಲಿ ಕೊಟ್ಟ ಉತ್ತರ. ಜೋಳದ ಹೊಲದಲ್ಲಿ ಹಕ್ಕಿ ಓಡಿಸುವವನ ಕವಣೆಯನ್ನು ನೆನೆಯಿರಿ. ಹಗ್ಗ ಬಿಟ್ಟೊಡನೆ ಕಲ್ಲು ಹೊರಕ್ಕೆ ಚಿಮ್ಮುವುದಿಲ್ಲ. ಆ ಗಳಿಗೆಯಲ್ಲಿ ಹೋಗುತ್ತಿದ್ದ ದಿಕ್ಕಿನಲ್ಲೇ ನೇರ ಸಾಗುತ್ತದೆ. ಹಗ್ಗದ ಕೆಲಸ ಅದನ್ನು ಕ್ಷಣಕ್ಷಣವೂ ಆ ನೇರದಿಂದ ಒಳಕ್ಕೆ ಎಳೆದುಕೊಳ್ಳುವುದು. ಭೂಮಿ ಒಂದು ಸೆಕೆಂಡಿನಲ್ಲಿ ಸುಮಾರು 30 ಕಿ.ಮೀ. ಮುಂದಕ್ಕೆ ಹೋಗುತ್ತದೆ, ಅಷ್ಟರಲ್ಲಿ ಸೂರ್ಯನ ಕಡೆಗೆ ಬೀಳುವುದು 3 ಮಿಲಿಮೀಟರ್, ಒಂದು ಜೋಳದ ಕಾಳಿನಷ್ಟೂ ಇಲ್ಲ. ಈ ಅತಿಸಣ್ಣ ಬಾಗು ಸೆಕೆಂಡಿನಿಂದ ಸೆಕೆಂಡಿಗೆ ಕೂಡಿ ಕೂಡಿ ವರ್ಷಕ್ಕೆ ಒಂದು ಪೂರ್ತಿ ಸುತ್ತಾಗುತ್ತದೆ. ಮುಂದೋಟವನ್ನು ಯಾರಾದರೂ ಒಮ್ಮೆಲೇ ತಡೆದು ನಿಲ್ಲಿಸಿದರೆ ಭೂಮಿ ಸುಮಾರು 65 ದಿನಗಳಲ್ಲಿ ಸೂರ್ಯನಿಗೆ ಬಿದ್ದೀತು. ಹೊರಗಿನ ಗ್ರಹಗಳ ನಿಧಾನಕ್ಕೂ ಕಾರಣ ಇಲ್ಲೇ ಇದೆ. ದೂರ ಹೆಚ್ಚಿದಂತೆ ಸೆಳೆತ ತಗ್ಗುತ್ತದೆ. ತಗ್ಗಿದ ಸೆಳೆತಕ್ಕೆ ಬಾಗಿಸಿ ಹಿಡಿದಿಡಲು ಸಾಧ್ಯವಾಗುವುದು ನಿಧಾನವಾಗಿ ಹೋಗುವುದನ್ನು ಮಾತ್ರ. ಅದಕ್ಕಿಂತ ಜೋರಾಗಿದ್ದುದು ಎಂದೋ ಆಚೆ ಹೊರಟುಹೋಗಿರುತ್ತಿತ್ತು.

ಮೇಟಿಯೂ ಅಲ್ಲಾಡುತ್ತದೆ. ಗುರು ಸೂರ್ಯನನ್ನು ಸುತ್ತುವಾಗ ಸೂರ್ಯನೂ ಇಬ್ಬರ ರಾಶಿಕೇಂದ್ರವನ್ನು ಸುತ್ತುತ್ತಾನೆ. ಆ ಕೇಂದ್ರ ಸೂರ್ಯನ ನಡುವಿನಿಂದ ಸುಮಾರು 7.4 ಲಕ್ಷ ಕಿ.ಮೀ. ದೂರದಲ್ಲಿದೆ, ಸೂರ್ಯನ ತ್ರಿಜ್ಯ ಏಳು ಲಕ್ಷಕ್ಕೂ ತುಸು ಕಡಿಮೆ. ಅಂದರೆ ಅದು ಅವನ ಮೈಯಿಂದ ಹೊರಗೇ ಬಿತ್ತು.

ಮದಕರಿಪುರದಲ್ಲಿ ಸೂರ್ಯನನ್ನಿಟ್ಟರೆ

ಕೋಟಿಗಳನ್ನು ಕಾಲಿಗೆ ಎಟುಕುವಂತೆ ಮಾಡಲು ಒಂದು ನಕ್ಷೆ. ಮದಕರಿಪುರದಲ್ಲಿ 18.6 ಮೀಟರ್ ವ್ಯಾಸದ ಗುಂಡು ನಿಲ್ಲಿಸಿ, ಅದು ಸೂರ್ಯ. ಆರು ಅಂತಸ್ತಿನ ಕಟ್ಟಡದಷ್ಟು ಎತ್ತರ. ಒಂದು ಖಗೋಳಮಾನಕ್ಕೆ 2 ಕಿ.ಮೀ. ಎಂದುಕೊಳ್ಳಿ. ಮುಕ್ಕಾಲು ಕಿ.ಮೀ. ಆಚೆ ದೊಡ್ಡ ನಿಂಬೆಹಣ್ಣಿನಷ್ಟು ಬುಧ. ಒಂದೂವರೆ ಕಿ.ಮೀ. ಹತ್ತಿರ ಶುಕ್ರ. 2 ಕಿ.ಮೀ.ಗೆ ಭೂಮಿ: 17 ಸೆಂಟಿಮೀಟರ್, ಸಿಪ್ಪೆ ಸಮೇತದ ಚಿಕ್ಕ ತೆಂಗಿನಕಾಯಿ. ಅದರಿಂದ 5 ಮೀಟರಿನಲ್ಲಿ ಎಳೆ ನಿಂಬೆಯಷ್ಟು ಚಂದ್ರ. ಮನುಷ್ಯ ಈವರೆಗೆ ಹೋಗಿ ಇಳಿದಿರುವುದು ಈ 5 ಮೀಟರ್ ಮಾತ್ರ. 3 ಕಿ.ಮೀ.ಗೆ ಮಂಗಳ. ಆಮೇಲೆ ಬಯಲು. ಹತ್ತೂವರೆ ಕಿ.ಮೀ. ನಡೆದರೆ ಆಳೆತ್ತರದ ಗುರು, ಹತ್ತೊಂಬತ್ತಕ್ಕೆ ಶನಿ, ಹೊಳಲ್ಕೆರೆಗೆ ಇನ್ನೂ ದೂರವಿರುವಾಗಲೇ. ಯುರೇನಸ್ 38 ಕಿ.ಮೀ.ಗೆ, ಹಿರಿಯೂರಿನ ಆಸುಪಾಸಿನಲ್ಲಿ. ನೆಪ್ಚೂನ್ 60 ಕಿ.ಮೀ.ಗೆ, ರಸ್ತೆಯ ಲೆಕ್ಕ ಹಿಡಿದರೆ ಹೊಸದುರ್ಗದ ಹತ್ತಿರ, ಹಕ್ಕಿ ಹಾರುವ ಲೆಕ್ಕದಲ್ಲಿ ಹೊಸದುರ್ಗವನ್ನೂ ದಾಟಿ.

ಈ ನಕ್ಷೆಯಲ್ಲಿ ತೆಂಗಿನಕಾಯಿ ದಿನಕ್ಕೆ 34 ಮೀಟರ್ ಸರಿಯುತ್ತದೆ, ಗಂಟೆಗೆ ಒಂದೂವರೆ ಮೀಟರೂ ಇಲ್ಲ. ಬಸವನಹುಳುವೂ ಅದನ್ನು ಹಿಂದೆ ಹಾಕೀತು. ಹೊಸದುರ್ಗದ ನೆಪ್ಚೂನ್ ದಿನಕ್ಕೆ 6 ಮೀಟರ್. ಇಲ್ಲಿ ಬೆಳಕಿನ ವೇಗ ಗಂಟೆಗೆ 14 ಕಿ.ಮೀ., ಆರಾಮವಾಗಿ ಸೈಕಲ್ ತುಳಿಯುವವನದು. ಅವನು ಮದಕರಿಪುರ ಬಿಟ್ಟು 8 ನಿಮಿಷ 20 ಸೆಕೆಂಡಿಗೆ ಭೂಮಿಯನ್ನು, 2 ಗಂಟೆ 40 ನಿಮಿಷಕ್ಕೆ ಯುರೇನಸನ್ನು, 4 ಗಂಟೆ 10 ನಿಮಿಷಕ್ಕೆ ನೆಪ್ಚೂನನ್ನು ಮುಟ್ಟುತ್ತಾನೆ. ಮುಂದಿನ ನಕ್ಷತ್ರ ಮುಟ್ಟಲು ಸೈಕಲ್ಲಿಗೂ ನಾಲ್ಕು ವರ್ಷ ಬೇಕು; ಆ ನಕ್ಷತ್ರ ಇದೇ ಅಳತೆಯಲ್ಲಿ 5 ಲಕ್ಷ ಕಿ.ಮೀ. ಆಚೆ, ಎಂದರೆ ನಿಜವಾದ ಚಂದ್ರನಿಗಿಂತಲೂ ದೂರ.

ನರಗುಂದದ ಕೇತ್ಕರ್

ದೂರ ಮತ್ತು ಕಾಲಗಳ ಈ ನಂಟನ್ನು ಹಿಡಿದು ಕಾಣದ ಗ್ರಹವನ್ನು ಹುಡುಕಹೊರಟವರೊಬ್ಬರು ನಮ್ಮ ನಾಡಿನಲ್ಲೇ ಇದ್ದರು. ವೆಂಕಟೇಶ ಬಾಪೂಜಿ ಕೇತ್ಕರ್ ಹುಟ್ಟಿದ್ದು 1854ರಲ್ಲಿ, ನರಗುಂದದಲ್ಲಿ. ವೃತ್ತಿಯಲ್ಲಿ ಶಾಲಾ ಶಿಕ್ಷಕರು. ಪಂಚಾಂಗದ ಹಳೆಯ ಗಣಿತ ಆಕಾಶದಲ್ಲಿ ಕಾಣುವುದಕ್ಕೆ ಹೊಂದದಿರುವುದನ್ನು ಕಂಡು, ಹೊಸ ಯುರೋಪಿಯನ್ ಬೆಲೆಗಳನ್ನು ನಮ್ಮ ಪದ್ಧತಿಗೆ ಇಳಿಸಿ ಸಂಸ್ಕೃತದಲ್ಲಿ 'ಜ್ಯೋತಿರ್ಗಣಿತ' ರಚಿಸಿದರು. 1911ರಲ್ಲಿ ಫ್ರಾನ್ಸಿನ ಖಗೋಳ ಸಂಘದ ಪತ್ರಿಕೆಯಲ್ಲಿ ಅವರ ಲೇಖನವೊಂದು ಬಂತು: ನೆಪ್ಚೂನಿನ ಆಚೆ ಎರಡು ಗ್ರಹಗಳಿರಬೇಕು, ಒಂದು 38.95 ಖಗೋಳಮಾನ ದೂರದಲ್ಲಿ, 242.28 ವರ್ಷಕ್ಕೆ ಸುತ್ತು. ಇನ್ನೊಂದು ಅದಕ್ಕೂ ಆಚೆ. ಗುರುವಿನ ಉಪಗ್ರಹಗಳ ಚಲನೆಯಲ್ಲಿ ಲಾಪ್ಲಾಸ್ ಕಂಡಿದ್ದ ತಾಳಬದ್ಧತೆಯನ್ನು ಅವರು ಹೊರಗ್ರಹಗಳಿಗೂ ಚಾಚಿದ್ದರು. ಅವುಗಳಿಗೆ ಬ್ರಹ್ಮ, ವಿಷ್ಣು ಎಂದು ಹೆಸರೂ ಇಟ್ಟಿದ್ದರು.

1930ರ ಫೆಬ್ರವರಿಯಲ್ಲಿ ಅಮೆರಿಕದ ಕ್ಲೈಡ್ ಟಾಂಬೊ ಪ್ಲೂಟೊವನ್ನು ಕಂಡುಹಿಡಿದ. ಅದರ ದೂರ 39.5 ಖಗೋಳಮಾನ, ಸುತ್ತು 248 ವರ್ಷ. ಅದೇ ವರ್ಷ ಕೇತ್ಕರ್ ತೀರಿಕೊಂಡರು. ಹೆಮ್ಮೆಯಿಂದ ಹೇಳಿಕೊಳ್ಳಬಹುದಾದ ಕಥೆಯೇ, ಆದರೆ ಎಚ್ಚರದಿಂದ ಹೇಳಬೇಕು. ಪ್ಲೂಟೊ ನಮ್ಮ ಚಂದ್ರನಿಗಿಂತ ಚಿಕ್ಕದು. ಬೇರೆ ಗ್ರಹಗಳ ನಡಿಗೆಯಲ್ಲಿ ಸುಳಿವು ಬಿಡುವಷ್ಟು ತೂಕ ಅದಕ್ಕಿಲ್ಲ. 2006ರಲ್ಲಿ ಅದನ್ನು ಗ್ರಹಗಳ ಪಂಕ್ತಿಯಿಂದಲೇ ಎಬ್ಬಿಸಲಾಯಿತು. ಲೆಕ್ಕ ಹೊಂದಿದ್ದರಲ್ಲಿ ಅದೃಷ್ಟದ ಪಾಲು ದೊಡ್ಡದು. ಹಾಗಿದ್ದರೂ ಪ್ಲೂಟೊ ನೆಪ್ಚೂನಿನೊಡನೆ ಎರಡಕ್ಕೆ ಮೂರರ ತಾಳದಲ್ಲೇ ಓಡುತ್ತಿದೆ ಎಂಬುದು ಆಮೇಲೆ ತಿಳಿಯಿತು; ಕೇತ್ಕರ್ ಹುಡುಕುತ್ತಿದ್ದುದು ಅಂಥದೇ ತಾಳವನ್ನು.

ನೇರ ದಾರಿ ಇಲ್ಲ

ಗ್ರಹದಿಂದ ಗ್ರಹಕ್ಕೆ ಹೋಗುವ ನೌಕೆಯೂ ಒಂದು ಪುಟ್ಟ ಗ್ರಹವೇ. ಅದಕ್ಕೂ ಸೂರ್ಯನ ಸುತ್ತ ಕಕ್ಷೆ ಬೇಕು. 2013ರ ನವೆಂಬರ್ 5ರಂದು ಶ್ರೀಹರಿಕೋಟದಿಂದ ಹೊರಟ ಮಂಗಳಯಾನ ಡಿಸೆಂಬರ್ 1ರಂದು ಭೂಮಿಯ ಹಿಡಿತ ಬಿಟ್ಟು, 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿತು. ಆ ಬೆಳಿಗ್ಗೆ ಭೂಮಿಯಿಂದ ಮಂಗಳನಿಗೆ ಇದ್ದ ದೂರ ಸುಮಾರು 22 ಕೋಟಿ ಕಿ.ಮೀ.; ರೇಡಿಯೊ ಸಂಕೇತ ಬರಲು ಹನ್ನೆರಡೂವರೆ ನಿಮಿಷ. ನೌಕೆ ಕ್ರಮಿಸಿದ್ದು ಮಾತ್ರ ಸುಮಾರು 65 ಕೋಟಿ ಕಿ.ಮೀ. ಸೂರ್ಯನ ಸುತ್ತ ಹತ್ತಿರ ಹತ್ತಿರ ಅರ್ಧ ಸುತ್ತು ಹಾಕುತ್ತ, ಹೊರಕ್ಕೆ ಹೋದಂತೆಲ್ಲ ವೇಗ ಕಳೆದುಕೊಳ್ಳುತ್ತ ಅದು ಸಾಗಿತು. ಬೆಂಗಳೂರಿನ ಪೀಣ್ಯದ ನಿಯಂತ್ರಣ ಕೇಂದ್ರದಲ್ಲಿ ಕುಳಿತವರು, ಬ್ಯಾಲಾಳುವಿನ 32 ಮೀಟರ್ ಅಗಲದ ಆಂಟೆನಾ ಮೂಲಕ ಅದರ ಜೊತೆ ಮಾತಾಡುತ್ತ, ಮಂಗಳ ಇದ್ದ ಕಡೆಗಲ್ಲ, ಹತ್ತು ತಿಂಗಳ ಬಳಿಕ ಅದು ಇರಲಿರುವ ಕಡೆಗೆ ಅದನ್ನು ನಡೆಸಿದ್ದರು.

ಆದಿತ್ಯ-ಎಲ್1 ನೌಕೆಯದು ಇನ್ನೊಂದು ಬಗೆ. 2023ರ ಸೆಪ್ಟೆಂಬರ್ 2ರಂದು ಹೊರಟು 2024ರ ಜನವರಿ 6ರಂದು ನೆಲೆ ಸೇರಿದ ಅದು, ಭೂಮಿಗಿಂತ 15 ಲಕ್ಷ ಕಿ.ಮೀ. ಸೂರ್ಯನತ್ತ ಇದ್ದುಕೊಂಡು ಸುತ್ತುತ್ತಿದೆ. ಕೆಪ್ಲರನ ಲೆಕ್ಕದಲ್ಲಿ ಅಷ್ಟು ಒಳಗಿರುವುದು ನಮಗಿಂತ ಐದಾರು ದಿನ ಮೊದಲೇ ಸುತ್ತು ಮುಗಿಸಿ ಮುಂದೆ ಓಡಬೇಕಿತ್ತು. ಹಿಂದಿನಿಂದ ಭೂಮಿ ಎಳೆದು ಹಿಡಿಯುವುದರಿಂದ ಅದು ನಮ್ಮ ಹೆಜ್ಜೆಗೇ ಹೆಜ್ಜೆ ಹಾಕುತ್ತದೆ.

ಸುತ್ತುಗಳ ಕಾಲಗಣನೆ

ಇಷ್ಟೆಲ್ಲ ಹೇಳಿದ ಮೇಲೂ ಕಕ್ಷೆಯ ಉದ್ದ ಸೂರ್ಯನನ್ನು ನಿಶ್ಚಲನೆಂದುಕೊಂಡ ಲೆಕ್ಕ. ಸೂರ್ಯನೇ ಗ್ರಹಗಳನ್ನೆಲ್ಲ ಕರೆದುಕೊಂಡು ಆಕಾಶಗಂಗೆಯ ನಡುವನ್ನು ಸೆಕೆಂಡಿಗೆ ಸುಮಾರು 220 ಕಿ.ಮೀ. ವೇಗದಲ್ಲಿ ಸುತ್ತುತ್ತಿದ್ದಾನೆ, ವರ್ಷಕ್ಕೆ ಸುಮಾರು 700 ಕೋಟಿ ಕಿ.ಮೀ. ಅದನ್ನೂ ಸೇರಿಸಿದರೆ ಭೂಮಿಯ ಹಾದಿ ಮುಚ್ಚಿದ ಬಳೆಯಲ್ಲ, ಎಳೆದು ಹಿಗ್ಗಿಸಿದ ಸುರುಳಿ. ಹೋದ ಯುಗಾದಿಯಂದು ಇದ್ದ ಜಾಗಕ್ಕೆ ಭೂಮಿ ಮರಳುವುದೇ ಇಲ್ಲ.

ಸೂರ್ಯನಿಗೆ ಹೋಲಿಸಿದ ಸ್ಥಾನಗಳು ಮಾತ್ರ ಮರುಕಳಿಸುತ್ತವೆ. ಕಾಲ ಎಣಿಸಲು ಅಷ್ಟು ಸಾಕಾಗಿದೆ. ಗುರುವಿನ ಐದು ಸುತ್ತಿಗೆ 59.3 ವರ್ಷ, ಶನಿಯ ಎರಡು ಸುತ್ತಿಗೆ 58.9. ಪ್ರಭವದಿಂದ ಅಕ್ಷಯದವರೆಗಿನ ಅರವತ್ತು ಸಂವತ್ಸರಗಳ ಚಕ್ರ ಈ ಜೋಡಿಗೆ ಹತ್ತಿರದಲ್ಲಿದೆ. ಷಷ್ಟಿಪೂರ್ತಿ ಮಾಡಿಕೊಳ್ಳುವವರು ಭೂಮಿಯ ಜೊತೆ 5,600 ಕೋಟಿ ಕಿ.ಮೀ.ಗೂ ಹೆಚ್ಚು ಸುತ್ತಿರುತ್ತಾರೆ. ಅವರು ಹುಟ್ಟಿದಾಗ ಗುರು ಶನಿಗಳಿದ್ದ ರಾಶಿಗಳಲ್ಲೇ ಹೆಚ್ಚುಕಡಿಮೆ ಮತ್ತೆ ಅವರಿಬ್ಬರೂ ಇರುತ್ತಾರೆ.

ಹಿರಿಯೂರಿನ ವಾಣಿವಿಲಾಸ ಸಾಗರ, ಜನರ ಬಾಯಲ್ಲಿ ಮಾರಿಕಣಿವೆ, 1907ರಲ್ಲಿ ಕಟ್ಟಿ ಮುಗಿದಾಗಿನಿಂದ ಇತ್ತೀಚಿನವರೆಗೆ ಶನಿ ನಾಲ್ಕು ಸುತ್ತು ಹಾಕಿದ್ದಾನೆ. 1933ರಲ್ಲಿ ಕೋಡಿ ಬಿದ್ದ ಕೆರೆ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಬಳಿಕ, 2022ರಲ್ಲಿ; ಅದು ಶನಿಯ ಮೂರು ಸುತ್ತಿಗೆ ಸರಿಸುಮಾರು ಸಮ. ಇದು ಕಾಕತಾಳೀಯ. ವೇದಾವತಿಗೆ ನೀರು ತಂದದ್ದು ಮಳೆ, ಶನಿಯಲ್ಲ. ಚಿತ್ರದುರ್ಗದ ಪಕ್ಕದ ಇನ್ನೊಂದು ಕೆರೆಯ ಕೆಲಸವನ್ನು ಕಲ್ಲಿನಲ್ಲಿ ಬರೆಸಿದ ಕದಂಬ ದೊರೆ ಮಯೂರಶರ್ಮನ ಚಂದ್ರವಳ್ಳಿ ಶಾಸನ ನಾಲ್ಕನೆಯ ಶತಮಾನದ್ದು; ಅಂದಿನಿಂದ ನೆಪ್ಚೂನ್ ಸುಮಾರು ಹತ್ತು ಸಲ ಸೂರ್ಯನನ್ನು ಬಳಸಿ ಬಂದಿದೆ. ಮನುಷ್ಯರು ಅದನ್ನು ಗ್ರಹವೆಂದು ಗುರುತಿಸಿದ 1846ರಿಂದ ಎಣಿಸಿದರೆ ಒಂದೇ ಸುತ್ತು, ಅದು ಮುಗಿದದ್ದು 2011ರಲ್ಲಿ. ಯುರೇನಸನ್ನು ವಿಲಿಯಂ ಹರ್ಷೆಲ್ ಕಂಡದ್ದು 1781ರ ಮಾರ್ಚ್ 13ರಂದು. ಅದಕ್ಕೆ ಎರಡು ವರ್ಷ ಮೊದಲು, 1779ರಲ್ಲಿ, ಚಿತ್ರದುರ್ಗದ ಮದಕರಿನಾಯಕನ ಕೋಟೆ ಹೈದರಾಲಿಯ ಕೈವಶವಾಗಿತ್ತು. ಏಳುಸುತ್ತಿನ ಕೋಟೆ ಬಿದ್ದ ಆ ವರ್ಷ ಯುರೇನಸ್ ಎಲ್ಲಿತ್ತೋ ಅಲ್ಲಿಂದ ಹೊರಟು ತನ್ನ ಮೂರನೆಯ ಸುತ್ತನ್ನು ಮುಗಿಸುವುದು 2031ರಲ್ಲಿ.